ಎರಡು ಪಂಪಿನ ಗಾಡಿ

ಸೂಗಪ್ಪನ ಡೀಸೆಲ್ ಪಿಕಪ್ಪಿಗೆ ಎರಡು ಪಂಪು. ಒಂದು ಬಾನೆಟ್ಟಿನ ಕೆಳಗಿತ್ತು. ಅದು ಕೆಟ್ಟಿತ್ತು. ಇನ್ನೊಂದು ನನ್ನ ಅಣ್ಣ ದ್ಯಾವಪ್ಪ. ಅವನು ಹಿಂದುಗಡೆ, ಸಾಮಾನು ಹೇರುವ ಜಾಗದಲ್ಲಿ, ನಮ್ಮ ಜೊತೆ ಕೂತಿರುತ್ತಿದ್ದ.

ಬಾನೆಟ್ಟಿನ ಪಂಪಿನ ಕೆಲಸ ಟ್ಯಾಂಕಿನಿಂದ ಡೀಸೆಲ್ ಎಳೆದು ಇಂಜಿನ್ನಿಗೆ ಕೊಡುವುದು. ಮನಸ್ಸು ಬಂದರೆ ಎಳೆಯುತ್ತಿತ್ತು. ಬರದಿದ್ದರೆ ಗಾಳಿ ಕುಡಿದು ಸುಮ್ಮನಾಗುತ್ತಿತ್ತು. ಗಾಡಿ ಎರಡು ಸಲ ಕೆಮ್ಮಿ, ಒಂದು ಸಲ ಜೋಲಿ ಹೊಡೆದು, ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಡ್ರೈವರ್ ಹುಸೇನ್‌ಸಾಬ್ ಸ್ಪ್ಯಾನರ್ ಹಿಡಿದು ಇಳಿದು ಪೈಪು ಬಿಚ್ಚುತ್ತಿದ್ದ. ಸೂಗಪ್ಪ ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದ.

“ಏ ಪಂಪ್! ಇಳೀಲೇ!”

ಅಣ್ಣ ಇಳಿಯುತ್ತಿದ್ದ. ಮೊಣಕಾಲೂರುತ್ತಿದ್ದ. ಪೈಪಿನ ತುದಿ ಬಾಯಿಗಿಟ್ಟು ಎಳೆಯುತ್ತಿದ್ದ. ಕೆನ್ನೆ ಗುಳಿ ಬೀಳುತ್ತಿದ್ದವು. ಕತ್ತಿನ ನರ ಉಬ್ಬುತ್ತಿದ್ದವು. ಡೀಸೆಲ್ ಏರಿ ಬಂದು ಬಾಯಿ ತುಂಬಿದ ಕೂಡಲೇ ಪೈಪಿಗೆ ಹೆಬ್ಬೆರಳು ಒತ್ತಿ ಹುಸೇನ್‌ಸಾಬನ ಕೈಗೆ ಕೊಡಬೇಕು. ಆಮೇಲೆ ಉಗುಳಬೇಕು. ಉಗುಳುವಷ್ಟರಲ್ಲಿ ಒಂದಿಷ್ಟು ಒಳಗೆ ಇಳಿದಿರುತ್ತಿತ್ತು. ಅಷ್ಟಾದ ಮೇಲೆ ನಾವು ಹೆಂಗಸರು ಇಳಿದು ಗಾಡಿ ದಬ್ಬುತ್ತಿದ್ದೆವು. ಅದು ಹೊಗೆ ಬಿಟ್ಟು ಹೊರಡುತ್ತಿತ್ತು. ನಾವು ಅದರ ಹಿಂದೆ ಓಡಿ ಹತ್ತುತ್ತಿದ್ದೆವು.

ಇದು ತೊಂಬತ್ತಾರನೆಯ ಇಸವಿಯ ಮಾತು. ನನ್ನ ಹೆಸರು ಯಮನೂರಮ್ಮ. ನಾವು ಪಾಮನಕಲ್ಲೂರಿನ ಮಾದಿಗರ ಕೇರಿಯವರು. ನಮ್ಮ ಕಡೆ ಮಳೆ ನಂಬಿದ ಎರೆಹೊಲ. ಬೇಸಿಗೆ ಭತ್ತದ ನಾಟಿ ಶುರುವಾದರೆ ನಮಗೆ ಕೂಲಿ ಸಿಗುವುದು ಗೊರೇಬಾಳದಲ್ಲಿ, ಕಾಲುವೆ ನೀರಿನ ಗದ್ದೆಗಳಲ್ಲಿ. ಸೂಗಪ್ಪ ನಮ್ಮೂರಿನ ಸಾವಕಾರ. ಅಲ್ಲಿ ಗದ್ದೆ ಗುತ್ತಿಗೆ ಹಿಡಿದಿದ್ದ. ಬೆಳಗ್ಗೆ ನಮ್ಮನ್ನು ಪಿಕಪ್ಪಿನಲ್ಲಿ ತುಂಬಿಕೊಂಡು ಮಸ್ಕಿ ದಾಟಿಸಿ ಒಯ್ಯುತ್ತಿದ್ದ. ಸಂಜೆ ತಂದು ಕೇರಿಯ ಮುಂದೆ ಸುರುವುತ್ತಿದ್ದ.

ಕ್ಯಾಬಿನ್ನು ಖಾಲಿ ಇದ್ದರೂ ಅದರಲ್ಲಿ ನಮ್ಮವರು ಕೂರುವಂತಿರಲಿಲ್ಲ. ನಮ್ಮ ಜೊತೆ ಕೂಲಿಗೆ ಬರುವ ಆದೆಮ್ಮ ದಿನ ತುಂಬಿದ ಬಸುರಿಯಾಗಿದ್ದಾಗ ಒಮ್ಮೆ ತಲೆ ತಿರುಗಿ ಕ್ಯಾಬಿನ್ನಿನ ಬಾಗಿಲು ಹಿಡಿದುಕೊಂಡಿದ್ದಳು. ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದಳು. ಅವಳಿಗೆ ಏನಾಯಿತು ಅಂತ ಸೂಗಪ್ಪ ಕೇಳಲಿಲ್ಲ. ಬಾಗಿಲಿಗೆ ನೀರು ಹೊಡೆದು ಒರೆಸಿದ.

ಮಸ್ಕಿಗೆ ಮೊದಲು ಒಂದು ಚಹಾದಂಗಡಿ. ಸೂಗಪ್ಪ ಒಳಗೆ ಕೂತು ಕುಡಿಯುತ್ತಿದ್ದ. ನಮ್ಮ ಗ್ಲಾಸುಗಳು ಹೊರಗೆ ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಕುಡಿದು ನಾವೇ ತೊಳೆದಿಡಬೇಕು. ನೀರು ಬೇಕಾದರೆ ಬಗ್ಗಿ ಬೊಗಸೆ ಹಿಡಿಯಬೇಕು. ಅಂಗಡಿಯವನು ಮೇಲಿನಿಂದ ಹೊಯ್ಯುತ್ತಿದ್ದ. ಅಣ್ಣ ಒಂದು ಸಲ ಡೀಸೆಲ್ ಬಾಯಿ ಮುಕ್ಕಳಿಸಲು ಬೊಗಸೆ ಚಾಚಿ ಒಂದು ಹೆಜ್ಜೆ ಮುಂದೆ ಬಂದ. ಅಂಗಡಿಯವನು, “ಸರದು ನಿಂದರಲೇ, ಸಿಡಿತೈತಿ,” ಅಂದ. ಅಣ್ಣ ಸರಿದು ನಿಂತ. ಅರ್ಧ ನೀರು ನೆಲಕ್ಕೆ ಬಿತ್ತು.

ನನ್ನ ಅಣ್ಣ ಮೆತ್ತನೆಯ ಮನುಷ್ಯ. ಊರವರು ಅವನನ್ನು ‘ಪಂಪ್ ದ್ಯಾವಪ್ಪ’ ಅಂತಿದ್ದರು. ಬೀಡಿ ಕೇಳಿದರೆ, “ಬ್ಯಾಡೋ ಮಾರಾಯ, ಬಾಯಿಗೇ ಬೆಂಕಿ ಹತ್ತೀತು,” ಅಂತ ನಗುತ್ತಿದ್ದರು. ಅವನೂ ನಗುತ್ತಿದ್ದ. ನನ್ನ ಹೊರತು ಗಾಡಿ ಹೊರಡುವುದಿಲ್ಲ ಎಂಬ ಸಣ್ಣದೊಂದು ಜಂಬವೂ ಅವನಿಗಿತ್ತು ಅಂತ ಕಾಣುತ್ತದೆ. ಬೇರೆ ಏನಿತ್ತು ಜಂಬಪಡಲು? ಆದರೆ ಅವನ ನಾಲಿಗೆ ಸತ್ತಿತ್ತು. ಏನು ತಿಂದರೂ ರುಚಿ ಹತ್ತುತ್ತಿರಲಿಲ್ಲ. “ಇನ್ನಟು ಖಾರ ಹಾಕು, ಇನ್ನಟು ಹಾಕು,” ಅಂತ ನನ್ನ ಅತ್ತಿಗೆ ಕರೆಮ್ಮನಿಗೆ ಅನ್ನುತ್ತಿದ್ದ. ಅತ್ತಿಗೆ ಒಂದು ಮುಷ್ಟಿ ಖಾರ ಹಾಕುತ್ತಿದ್ದಳು. ನಮಗೆಲ್ಲ ಮೂಗು ಕಣ್ಣು ಸೋರುತ್ತಿದ್ದವು. ಅವನು ಮಣ್ಣು ತಿಂದವನಂತೆ ಅಗಿಯುತ್ತಿದ್ದ. ಅವನ ಸಣ್ಣ ಮಗಳು ಮುತ್ತು ಕೊಡಲು ಹೋಗಿ ಮೂಗು ಮುಚ್ಚಿಕೊಂಡು, “ಅಪ್ಪ ಗಾಡಿ ವಾಸನಿ,” ಅಂದಿದ್ದಳು.

ಅದರ ಹಿಂದಿನ ದೀಪಾವಳಿಯ ಹೊತ್ತಿಗೆ ಡೀಸೆಲ್ ಗಂಟಲು ದಾಟಿ ಎದೆಗೆ ಹೋಯಿತು. ಲಿಂಗಸುಗೂರಿನ ಡಾಕ್ಟರು ಬೈದರು. ಇನ್ನೊಮ್ಮೆ ಹೀಗಾದರೆ ಮನುಷ್ಯ ಉಳಿಯುವುದಿಲ್ಲ ಅಂದರು. ಸೂಗಪ್ಪ ನೋಡಲು ಬರಲಿಲ್ಲ. ಪಂಪು ಬದಲಿಸಿದನೇ? ಇಲ್ಲ. ಅಣ್ಣ ಎದ್ದು ಕೂತದ್ದೇ ತಡ, ಮತ್ತೆ, “ಏ ಪಂಪ್!” ಅಂತ ಕರೆದ. ಹುಸೇನ್‌ಸಾಬ್ ಎಷ್ಟೋ ಸಲ, “ಸಾವಕಾರ್, ಹೊಸಾದು ಹಾಕ್ಸೂನ್ರಿ,” ಅಂದಿದ್ದ. ಹೊಸ ಪಂಪು ಅಂಗಡಿಯಿಂದ ತರಬೇಕು. ನಮ್ಮ ಅಣ್ಣ ಪುಕ್ಕಟೆ ಬರುತ್ತಿದ್ದ. ಹೊಸದು ಯಾಕೆ ಹಾಕಿಸುತ್ತಾನೆ?

ಅವತ್ತೇ ಕರೆಮ್ಮ ನನ್ನ ಮುಂದೆ ಆಣೆ ಹಾಕಿದಳು. ಇನ್ನು ಅವನ ಬಾಯಿ ಆ ಪೈಪಿಗೆ ಹೋಗಬಾರದು. ಹೋದರೆ ತಾನು ಗಾಡಿಗೆ ಅಡ್ಡ ಮಲಗುವೆ ಅಂದಳು. ನಾನು, “ಅತ್ತಿಗಿ, ಗಾಡಿ ಕೆಟ್ಟು ನಿಂತಾಗ ಅಡ್ಡ ಮಕ್ಕೊಂಡ್ರ ಏನುಪಯೋಗ?” ಅಂದೆ. ಅವಳು ನನ್ನ ಬೆನ್ನಿಗೊಂದು ಗುದ್ದಿದಳು.

ಆಣೆಗೆ ಪರೀಕ್ಷೆ ಬಂದದ್ದು ರಂಜಾನ್ ತಿಂಗಳಲ್ಲಿ.

ಆ ದಿನ ಕ್ಯಾಬಿನ್ನಿನಲ್ಲಿ ಸೂಗಪ್ಪನ ತಾಯಿ ಕಸ್ತೂರೆಮ್ಮ ಕೂತಿದ್ದಳು. ಸಿಂಧನೂರಿನಲ್ಲಿ ಅವಳ ತಮ್ಮನ ಮನೆ. ತಮ್ಮನ ಮಗಳ ಕೂಸಿಗೆ ತೊಟ್ಟಿಲ ಕಾರ್ಯ. ಮುದುಕಿ ಬಹಳ ಮಡಿಯವಳು. ಹಣೆ ತುಂಬ ಈಬತ್ತಿ, ಮಡಿಲಲ್ಲಿ ಹೋಳಿಗೆಯ ಬುಟ್ಟಿ, ಬುಟ್ಟಿಯ ಮೇಲೆ ಕೂಸಿನ ತಲೆಗೆ ಹಾಕುವ ಕುಲಾಯಿ. ಎಲ್ಲಿಗೆ ಹೋದರೂ ಬಸ್ಸಿಗೆ ಹೋಗುತ್ತಿದ್ದವಳು ಆ ದಿನ ಮಗನ ಗಾಡಿ ಹತ್ತಿದ್ದಳು. ನಮ್ಮನ್ನು ಗೊರೇಬಾಳದಲ್ಲಿ ಇಳಿಸಿ ಅವಳನ್ನು ಸಿಂಧನೂರಿಗೆ ಬಿಡುವುದು ಅಂತ ಲೆಕ್ಕ.

ಮಸ್ಕಿ ದಾಟಿದ ಮೇಲೆ ಮೊದಲು ಇಂಜಿನ್ ಕುದಿಯಿತು. ಹುಸೇನ್‌ಸಾಬ್ ಬಾನೆಟ್ ಎತ್ತಿ ನೀರು ಕೇಳಿದ. ಹಿಂದೆ ನಮ್ಮ ನೀರಿನ ಕೊಡ ಇತ್ತು. ಕರೆಮ್ಮ ಅದನ್ನು ಎತ್ತಿ ಕೊಡಲು ಹೋದಳು.

“ಅವರ ಕೊಡದ್ದು ಬ್ಯಾಡೋ,” ಅಂದ ಸೂಗಪ್ಪ. “ನಮ್ಮ ಕ್ಯಾನಿಂದು ಹಾಕು.”

ರೇಡಿಯೇಟರಿಗೂ ಜಾತಿ ಇದೆ ಅಂತ ನಮಗೆ ಅವತ್ತು ಗೊತ್ತಾಯಿತು. ಕ್ಯಾಬಿನ್ನಿನ ಕ್ಯಾನಿನಲ್ಲಿದ್ದ ಕುಡಿಯುವ ನೀರನ್ನೆಲ್ಲ ಅದು ಗಟಗಟ ಕುಡಿಯಿತು. ನಮ್ಮ ಕೊಡ ಹಾಗೇ ಉಳಿಯಿತು.

ಅಲ್ಲಿಂದ ಸ್ವಲ್ಪ ದೂರ ಬಂದಿರಬೇಕು. ಎಡಬಲ ಒಣ ಎರೆ, ಜಾಲಿ ಗಿಡ. ಕಾಲುವೆ ಇನ್ನೂ ದೂರ. ಗಾಡಿ ಕೆಮ್ಮಿತು. ಜೋಲಿ ಹೊಡೆಯಿತು. ನಿಂತಿತು.

“ಏ ಪಂಪ್!”

ಅಣ್ಣ ಆಗಲೇ ಎದ್ದು ಒಂದು ಕಾಲು ಹೊರಗೆ ಹಾಕಿದ್ದ. ಕರೆಮ್ಮ ಅವನ ಅಂಗಿಯ ಚುಂಗು ಹಿಡಿದು ಜಗ್ಗಿದಳು.

“ಕುಂಡ್ರು.”

“ಬಿಡಬೇ, ಸಾವಕಾರ್ರು ಕರ್ಯಾಕತ್ಯಾರ.”

“ನಾ ಕುಂಡ್ರು ಅನ್ನಾಕತ್ತೀನಿ.”

ಸೂಗಪ್ಪ ಇಳಿದು ಹಿಂದೆ ಬಂದ. ಹೆಗಲ ಮೇಲಿನ ಟವೆಲ್ಲು ಕೊಡವಿದ. ಅವನಿಗೆ ಮೊದಲು ನಗು ಬಂದಿತ್ತು.

“ಏನಬೇ ಕರೆಮ್ಮ, ಗಂಡನ್ನ ಕಟ್ಟಿಹಾಕೀದಿ?”

“ಹೌದ್ರಿ. ಇವ ನನ್ನ ಗಂಡ. ನಿಮ್ಮ ಗಾಡಿ ಪಂಪ್ ಅಲ್ಲ.”

“ಒಂದ್ ಗುಟುಕು ಎಳಿಯೋದು. ಅವನಿಗೇನು ಹೊಸಾದಾ?”

“ಹಳೇದಾಗಿ ನಾಲಿಗಿ ಸತ್ತೈತ್ರಿ. ಇನ್ನೊಂದ್ ಸಲ ಎದಿಗೆ ಹೋದ್ರ ಉಳಿಯಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರ.”

“ಡಾಕ್ಟ್ರು ಹಂಗ ಹೆದರಸ್ತಾರ. ಡೀಸೆಲ್ ಕುಡದು ಯಾರು ಸತ್ತಾರ?”

“ಯಾರೂ ಸಾಯಂಗಿಲ್ಲಂದ್ರ ನೀವ ಎಳೀರಲ್ಲ.”

ಗಾಡಿಯೊಳಗೆ ಯಾರೋ ಕಿಸಕ್ಕೆಂದರು. ನಾನೇ ಇರಬೇಕು. ಸೂಗಪ್ಪನ ಮುಖ ಕೆಂಪಾಯಿತು.

“ಹಂಗೇನು? ನಾಳಿಂದ ನಿಮ್ಮ ಕೇರಿಯಾವರು ಒಬ್ಬರೂ ಈ ಗಾಡಿ ಹತ್ತಬ್ಯಾಡ್ರಿ. ಆಳು ಬ್ಯಾರೆ ಊರಾಗೂ ಅದಾರ.”

ನಗು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆದೆಮ್ಮನ ಮಡಿಲಲ್ಲಿ ಎಳೆಗೂಸು ಮಲಗಿತ್ತು. ನಾಟಿ ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಅದು ಸೂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ್ದ. ನನಗೆ ಅವನ ಟವೆಲ್ಲು ಕಿತ್ತು ಅವನ ಬಾಯಿಗೇ ತುರುಕುವಷ್ಟು ಸಿಟ್ಟು ಬಂತು.

ಅಣ್ಣ ಮೆಲ್ಲಗೆ ಹೆಂಡತಿಯ ಕೈ ಬಿಡಿಸಿಕೊಂಡ.

“ಬಿಡು ಕರಿ. ಇದೊಂದ್ ಸಲ. ಎಲ್ಲಾರ ಹೊಟ್ಟಿ ಐತಿ.”

ಇಳಿದ. ಮುಂದೆ ಹೋಗಿ ಮೊಣಕಾಲೂರಿದ. ಹುಸೇನ್‌ಸಾಬ್ ಪೈಪು ಬಿಚ್ಚಿ ಕೈಗೆ ಕೊಟ್ಟ. ಕೊಡುವಾಗ ಅವನ ಮುಖ ನೋಡಲಿಲ್ಲ. ಹಿಂದಿನಿಂದ ಕರೆಮ್ಮ ಧುಮುಕಿದಳು. ಗಾಡಿಗೆ ಅಡ್ಡ ಮಲಗುತ್ತಾಳೆ ಅಂತ ನಾನು ಅಂದುಕೊಂಡೆ. ಅವಳು ಮಲಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಕ್ಯಾಬಿನ್ನಿನಿಂದ ದೂರವೇ ನಿಂತು, ಬೆಣ್ಣೆಯಂಥ ದನಿಯಲ್ಲಿ ಮಾತಾಡಿಸಿದಳು.

“ಅವ್ವಾರ, ತೊಟ್ಟಿಲ ಕಾರ್ಯಕ್ಕ ಹೊಂಟೀರೇನ್ರಿ?”

“ಹೂಂ ಬೇ,” ಅಂದಳು ಕಸ್ತೂರೆಮ್ಮ. “ಹೊತ್ತಾತು ನೋಡು. ಜಲ್ದಿ ಎಳಿ ಅನ್ನು ನಿನ್ನ ಗಂಡಗ.”

“ಎಳೀತಾನ್ರಿ. ನೀವು ಮಡೀಲೆ ಇದ್ದೀರಿ, ಅದಕ್ಕ ಒಂದು ಮಾತು ಕೇಳ್ತೀನ್ರಿ. ಇವ ಈಗ ಪೈಪ್ ಬಾಯಾಗ ಇಡ್ತಾನ. ಇವನ ಎಂಜಲಾ ಡೀಸೆಲ್‌ದಾಗ ಕೂಡತೈತಿ. ಆ ಡೀಸೆಲ್ ಇಂಜಿನ್ನಿಗೆ ಹೊಕ್ಕೈತಿ. ಇಂಜಿನ್ ಎಲ್ಲೈತ್ರಿ? ನಿಮ್ಮ ಕಾಲ ಮುಂದ. ಅದರ ಝಳ ನಿಮ್ಮ ಸೀರಿಗೆ ಹೊಡಿತೈತಿ. ಹೋಳಿಗಿ ಬುಟ್ಟಿಗೂ ಹೊಡಿತೈತಿ. ಕೂಸಿನ ಕುಲಾಯಿಗೂ ಹೊಡಿತೈತಿ. ಏನೂ ಆಗಂಗಿಲ್ಲೇನ್ರಿ?”

ಮುದುಕಿ ಮೊದಲು ಬುಟ್ಟಿ ನೋಡಿದಳು. ಆಮೇಲೆ ಕಾಲ ಮುಂದಿನ ಬಿಸಿ ತಗಡು ನೋಡಿದಳು. ಆಮೇಲೆ ಪಟ್ಟನೆ ಎರಡೂ ಕಾಲು ಮೇಲೆತ್ತಿಕೊಂಡಳು.

“ಏ ಸೂಗಾ! ಖರೇ ಏನೋ ಇದು?”

“ಯವ್ವಾ, ಸುಮ್ಮ ಕುಂಡ್ರು. ಡೀಸೆಲ್‌ಕ್ಕ ಮೈಲಿಗಿ ಇಲ್ಲ.”

“ಯಾರ್ ಹೇಳಿದ್ರು ನಿನಗ? ಬಾಗಲಕ್ಕ ಐತಿ, ಡೀಸೆಲ್‌ಕ್ಕ ಇಲ್ಲ? ಬಸರಿ ಹೆಣಮಗಳು ಬಾಗಲ ಹಿಡದ್ಲಂತ ನೀರು ಹೊಡದೆ ಅಂತ ನೀನಾ ಬಂದು ಹೇಳಿದಿ. ಕೈ ಮುಟ್ಟಿದ್ರ ಮೈಲಿಗಿ, ಬಾಯಿ ಇಟ್ರ ಇಲ್ಲೇನು?”

ಸೂಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹುಸೇನ್‌ಸಾಬ್ ಬಾನೆಟ್ಟಿನೊಳಗೆ ತಲೆ ಹಾಕಿ ಇಲ್ಲದ ನಟ್ಟು ತಿರುವತೊಡಗಿದ.

“ಅಂದ್ರ ನಮ್ಮ ಮನೀಗೆ ಅಕ್ಕಿ, ಬ್ಯಾಳಿ ಬರೋದು…” ಅಂದಳು ಮುದುಕಿ.

“ಇದ ಗಾಡ್ಯಾಗ್ರಿ ಅವ್ವಾರ,” ಅಂದಳು ಕರೆಮ್ಮ.

“ದೇವರ ಕಾಯಿ?”

“ಅವೂ ಇದರಾಗನ ಬಂದಾವ್ರಿ. ಎಲ್ಲಾ ನಮ್ಮ ಎಂಜಲ್ಲೇ ಬಂದಾವು.”

“ಶಿವ ಶಿವಾ!” ಅಂತ ಕಸ್ತೂರೆಮ್ಮ ಬುಟ್ಟಿ ಎದೆಗವಚಿಕೊಂಡು ಗಾಡಿಯಿಂದ ಇಳಿದೇಬಿಟ್ಟಳು. ಹೋಗಿ ಜಾಲಿ ಗಿಡದ ಕೆಳಗೆ ನಿಂತಳು. ಮುಳ್ಳು ಚುಚ್ಚಿತು. ಮುಳ್ಳಿಗೂ ಮಗನಿಗೂ ಸೇರಿಸಿ ಬೈದಳು. “ಅವನ ಬಾಯಿಂದ ಆ ಕೊಳವಿ ಕಸ್ಗೊಳ್ಳೋ! ಅವ ಎಳದ ಗಾಡಿ ನಾ ಹತ್ತಂಗಿಲ್ಲ. ಕೂಸಿನ ತೊಟ್ಟಿಲಕ ಮೈಲಿಗಿ ಹೊತ್ಗೊಂಡು ಹೋಗಂಗಿಲ್ಲ!”

ಹಿಂದೆ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ನಾನೂ ನಕ್ಕೆ. ಆದರೆ ನನ್ನ ಅಣ್ಣನ ಉಗುಳು ಹೊಲಸು ಅಂತ ಅವನ ಹೆಂಡತಿಯೇ ಹೇಳಿ ಅವನ ಜೀವ ಉಳಿಸಬೇಕಾಗಿತ್ತು. ಸಾಯುತ್ತಾನೆ ಅಂದರೆ ಯಾರೂ ಕಿವಿಗೊಡಲಿಲ್ಲ. ಮೈಲಿಗೆ ಅಂದ ಕೂಡಲೇ ಮುದುಕಿ ಗಾಡಿ ಇಳಿದಳು. ಅವಳ ಕಣ್ಣಿಗೆ ಹೋಳಿಗೆ ಕಂಡಿತು. ಅಣ್ಣ ಕಾಣಲಿಲ್ಲ.

ಅಣ್ಣ ಪೈಪು ಹಿಡಿದು ಕೂತೇ ಇದ್ದ. ಸೂಗಪ್ಪ ಅದನ್ನು ಕಸಿದು ಹುಸೇನ್‌ಸಾಬನ ಮುಂದೆ ಹಿಡಿದ.

“ನೀ ಎಳಿ.”

“ಅರೆ ಸಾವಕಾರ್, ರೋಜಾ ಅದೀನ್ರಿ. ಒಂದ್ ಹನಿ ನೀರು ಮುಟ್ಟಂಗಿಲ್ಲ, ಡೀಸೆಲ್ ಕುಡಿ ಅಂತೀರಿ? ತೋಬಾ ತೋಬಾ!”

“ಹಂಗಾರ ಯಾರ್ ಎಳೀಬೇಕಲೇ?”

ಉತ್ತರ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಮಡಿಯ ಬಾಯಿ ಅಲ್ಲಿ ಒಂದೇ ಇತ್ತು. ಅದರ ಮೇಲೆ ದಪ್ಪ ಮೀಸೆಯೂ ಇತ್ತು.

“ನೀನಾ ಎಳಿಯೋ!” ಅಂತ ಗಿಡದ ಕೆಳಗಿಂದ ಕಸ್ತೂರೆಮ್ಮ ಕೂಗಿದಳು. “ಒಂದ್ ಗುಟುಕು ಅಂದೆಲ್ಲ?”

ಸೂಗಪ್ಪ ರಸ್ತೆಯ ಆ ತುದಿ ಈ ತುದಿ ನೋಡಿದ. ಬಸ್ಸು ಬರಲಿಲ್ಲ. ಕರೆಮ್ಮ ಮತ್ತೆ ಬೆಣ್ಣೆ ದನಿ ತೆಗೆದಳು.

“ಕಿತ್ತಿಟ್ಟ ಸಸಿ ನಿನ್ನಿಯಿಂದ ನೀರಾಗ ಬಿದ್ದಾವ್ರಿ. ಇವತ್ತು ಹಚ್ಚಲಿಲ್ಲಂದ್ರ ಕೊಳೀತಾವು. ಬ್ಯಾರೆ ಊರ ಆಳು ಹುಡುಕಾಕ ಹೋಗಬೇಕಂದ್ರೂ ಗಾಡಿ ಬೇಕಲ್ರಿ.”

ಅವನು ಟವೆಲ್ಲು ಬಾನೆಟ್ಟಿನ ಮೇಲೆ ಒಗೆದ. ಕೊರಳ ಲಿಂಗವನ್ನು ಬೆನ್ನ ಕಡೆಗೆ ಸರಿಸಿಕೊಂಡ. ಬಿಳಿ ಧೋತರ ಎತ್ತಿ ಕಟ್ಟಿ ಮೊಣಕಾಲೂರಿದ. ಆ ಮೊಣಕಾಲು ಆ ರಸ್ತೆಯನ್ನು ಅವತ್ತೇ ಮೊದಲು ನೋಡಿದ್ದು. ಕಲ್ಲು ಒತ್ತಿತು. “ಹಾ” ಅಂದ. ಪೈಪು ಬಾಯಿಗಿಟ್ಟ. ಎಳೆದ. ಗಾಳಿ ಬಂತು.

“ಇನ್ನೂ ಜೋರ್ ಎಳೀರಿ,” ಅಂದ ಹುಸೇನ್‌ಸಾಬ್.

ಎಳೆದ. ಮೀಸೆ ಪೈಪಿಗೆ ಸಿಕ್ಕಿತು. ಕಣ್ಣಲ್ಲಿ ನೀರು ಬಂತು. ಗುಟುಕು ಬರಲಿಲ್ಲ. ನನ್ನ ಅಣ್ಣನಿಗೆ ತಡೆಯಲಾಗಲಿಲ್ಲ. ಪಾಪದ ಪ್ರಾಣಿ. ಹತ್ತಿರ ಬಗ್ಗಿ, “ನಡುವ ಉಸರು ಬಿಡಬ್ಯಾಡ್ರಿ ಸಾವಕಾರ್ರ. ಬಂದ ಕೂಡ್ಲೆ ನುಂಗಬ್ಯಾಡ್ರಿ, ಉಗುಳ್ರಿ,” ಅಂದ.

ಸೂಗಪ್ಪ ಮೂರನೆಯ ಸಲ ಎಳೆದ. ಡೀಸೆಲ್ ಬಂತು. ಬಂದದ್ದು ಬಾಯಿ ತುಂಬಿ ಮೂಗಿಗೂ ಏರಿತು. ಅವನು ಹೆದರಿ ನುಂಗಿದ. ಪೈಪು ಬಿಟ್ಟು ಹಿಂದಕ್ಕೆ ಕೂತ. ಅಣ್ಣ ರೂಢಿಯಿಂದ ಚಟ್ಟನೆ ಪೈಪಿಗೆ ಹೆಬ್ಬೆರಳು ಒತ್ತಿ ಹುಸೇನ್‌ಸಾಬನಿಗೆ ಕೊಟ್ಟ. ಸಾವಕಾರ ಕೆಮ್ಮಿದ, ಕ್ಯಾಕರಿಸಿದ, ಎದೆ ಹಿಡಿದುಕೊಂಡ. ಅವನ ಗಾಡಿ ಕೆಮ್ಮುತ್ತಿದ್ದಂತೆಯೇ ಕೆಮ್ಮಿದ.

“ನೀರು!” ಅಂದ. “ನೀರು ತರ್ರಿ!”

ಹುಸೇನ್‌ಸಾಬ್ ಕ್ಯಾನು ಬೋರಲು ಹಾಕಿ ತೋರಿಸಿದ. ಅದರಲ್ಲಿದ್ದದ್ದನ್ನು ರೇಡಿಯೇಟರ್ ಕುಡಿದಿತ್ತು. ರೇಡಿಯೇಟರಿನದು ಕುದಿಯುತ್ತಿತ್ತು. ಕಾಲುವೆ ದೂರ. ಉಳಿದದ್ದು ನಮ್ಮ ಕೊಡ.

ಎಲ್ಲರೂ ಕರೆಮ್ಮನ ಕಡೆ ನೋಡಿದೆವು. ಕೊಡುವುದಿಲ್ಲ ಅನ್ನುತ್ತಾಳೆಯೇ? ಅನ್ನಲಿ ಅಂತ ನನ್ನ ಮನಸ್ಸಿನಲ್ಲಿ ಇತ್ತು. ಅವಳು ಅನ್ನಲಿಲ್ಲ. ಕೊಡ ಬಗ್ಗಿಸಿ ನಮ್ಮ ತಗ್ಗುಬಿದ್ದ ಗ್ಲಾಸನ್ನು ತುಂಬಿದಳು. ಒಯ್ದು ಅವನ ಮುಂದೆ ಹಿಡಿದಳು.

“ತಗೋರಿ. ಕುಡೀರಿ.”

ಸೂಗಪ್ಪ ಗ್ಲಾಸು ನೋಡಿದ. ಅದು ನಾವೆಲ್ಲ ತುಟಿ ಹಚ್ಚಿ ಕುಡಿಯುವ ಗ್ಲಾಸು. ಅವನ ಕೈ ಅರ್ಧ ಬಂದು ನಿಂತಿತು. ಗಂಟಲು ಉರಿಯುತ್ತಿತ್ತು. ಆದರೂ ಕೈ ಮುಂದೆ ಬರಲಿಲ್ಲ.

“ಗಿಲಾಸ ಬ್ಯಾಡ,” ಅಂದ. “ಕೈಯಾಗ ಹಾಕು.”

ನಡು ಬಗ್ಗಿಸಿದ. ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಬಾಯಿಯ ಹತ್ತಿರ ಹಿಡಿದ.

ಅವನಿಗೆ ಹಾಗೆ ನಿಲ್ಲು ಅಂತ ಯಾರೂ ಹೇಳಿರಲಿಲ್ಲ. ನಮ್ಮ ಗ್ಲಾಸು ಮುಟ್ಟಬಾರದು ಅಂತ ಅವನೇ ನಿಂತದ್ದು. ಚಹಾದಂಗಡಿಯ ಮುಂದೆ ನಾವು ಹೇಗೆ ನಿಲ್ಲುತ್ತೇವೋ ಥೇಟ್ ಹಾಗೆ. ನನ್ನ ಅಪ್ಪ ಹಾಗೆ ನಿಂತದ್ದನ್ನು ನೋಡಿದ್ದೆ. ಅಣ್ಣ ನಿಂತದ್ದನ್ನು ನೋಡಿದ್ದೆ. ಕಸ್ತೂರೆಮ್ಮ ಬೇಕಂತಲೇ ಜಾಲಿ ಗಿಡದ ಕಡೆ ಮುಖ ತಿರುಗಿಸಿ ನಿಂತಳು. ಕಾಣದಿದ್ದರೆ ಮೈಲಿಗೆ ಇಲ್ಲ ಅಂತ ಇರಬೇಕು.

ಕರೆಮ್ಮ ಗ್ಲಾಸನ್ನು ಎತ್ತರಕ್ಕೆ ಎತ್ತಿದಳು.

“ಜರಾ ಸರದು ನಿಂದರ್ರಿ ಸಾವಕಾರ್ರ,” ಅಂದಳು. “ಸಿಡಿತೈತಿ.”

ಅವನು ಸರಿದು ನಿಂತ. ಅರ್ಧ ನೀರು ನೆಲಕ್ಕೆ ಬಿತ್ತು.

ಮೊದಲು ನಕ್ಕವಳು ಆದೆಮ್ಮ. ಅವಳು ನಕ್ಕದ್ದಕ್ಕೆ ಮಡಿಲ ಕೂಸು ಎದ್ದು ಅತ್ತಿತು. ಆಮೇಲೆ ಎಲ್ಲರೂ. ಹುಸೇನ್‌ಸಾಬ್ ರೋಜಾ ಮರೆತು ನಕ್ಕ, ನಕ್ಕರೆ ರೋಜಾ ಮುರಿಯುವುದಿಲ್ಲ ಅಂತ ನೆನಪಾಗಿ ಮತ್ತೆ ನಕ್ಕ. ಅಣ್ಣ ಒಬ್ಬನೇ ನಗಲಿಲ್ಲ. ಆ ಉರಿ ಎಂಥದು ಅಂತ ಅವನಿಗೆ ಗೊತ್ತಿತ್ತು. “ಇನ್ನೊಂದ್ ಗಿಲಾಸ ಹಾಕು,” ಅಂತ ಹೆಂಡತಿಗೆ ಹೇಳಿದ. ಅವಳು ಹಾಕಿದಳು.

ಗಾಡಿ ದಬ್ಬಬೇಕಾಯಿತು. ದಬ್ಬುವುದು ಕೈಯಿಂದ, ಅದಕ್ಕೆ ನಮ್ಮ ತಕರಾರು ಇರಲಿಲ್ಲ. ಕಸ್ತೂರೆಮ್ಮ ಮಗನ ಎಂಜಲಿನಿಂದ ಓಡುವ ಗಾಡಿಯನ್ನು ನೆಮ್ಮದಿಯಿಂದ ಹತ್ತಿ ಕೂತಳು. ದಾರಿಯುದ್ದಕ್ಕೂ ಸೂಗಪ್ಪ ಮಾತಾಡಲಿಲ್ಲ. ತೇಗು ಮಾತ್ರ ಬಿಟ್ಟ. ಪ್ರತಿ ತೇಗಿಗೂ ಮುದುಕಿ ಮೂಗು ಮುಚ್ಚಿಕೊಂಡದ್ದು ಹಿಂದಿನ ಕಿಟಕಿಯಿಂದ ನಮಗೆ ಕಾಣುತ್ತಿತ್ತು.

ಅವತ್ತೇ ಸಿಂಧನೂರಿನಲ್ಲಿ ಹೊಸ ಪಂಪು ಬಂತು. ಇಷ್ಟು ವರ್ಷ ಸಿಗದ ಪಂಪು ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿತು. ಸಾವಕಾರನ ಬಾಯಿಯೊಳಗೆ ಒಂದು ಗುಟುಕು ಹೋಗಬೇಕಾಗಿತ್ತು, ಅಷ್ಟೇ. ನಾಟಿಗೆ ಬರಬೇಡಿ ಅಂದ ಮಾತು ಅವನು ಮರೆತ. ಮರುದಿನ ಕೇರಿಯ ಮುಂದೆ ಹಾರ್ನ್ ಹೊಡೆದು, “ದ್ಯಾವಪ್ಪಾ, ಬರ್ರಿ,” ಅಂತ ಕರೆದ. ‘ಏ ಪಂಪ್’ ಅನ್ನುವ ಹಾಗೆ ಇರಲಿಲ್ಲ. ಆ ಹೆಸರನ್ನು ಊರು ಆಗಲೇ ಸೂಗಪ್ಪನಿಗೇ ಕೊಟ್ಟಿತ್ತು, ಅವನ ಬೆನ್ನ ಹಿಂದೆ. ಎಲ್ಲವೂ ಬದಲಾಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಕ್ಯಾಬಿನ್ನಿನ ಬಾಗಿಲು ನಮಗೆ ತೆರೆಯಲಿಲ್ಲ. ಚಹಾದಂಗಡಿಯ ಗೂಡಿನಲ್ಲಿ ನಮ್ಮ ಗ್ಲಾಸು ಹಾಗೇ ಇದ್ದವು. ಆದರೆ ಅಲ್ಲಿ ನೀರಿಗೆ ಕೈ ಚಾಚುವುದನ್ನು ನಾವು ಬಿಟ್ಟೆವು. ನಮ್ಮ ಕೊಡ ನಮ್ಮ ಜೊತೆ ಇರುತ್ತಿತ್ತು.

ನಾಟಿ ಮುಗಿಯುತ್ತ ಬಂದ ಒಂದು ಮಧ್ಯಾಹ್ನ. ಗೊರೇಬಾಳದ ಗದ್ದೆಯ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದೆವು. ಅಣ್ಣ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಬಾಯಿಗಿಟ್ಟ. ಅಗಿದ. ಅಗಿಯುವುದನ್ನು ನಿಲ್ಲಿಸಿದ. ಮುಖ ಕೆಂಪಗಾಯಿತು. ನಾಲಿಗೆ ಹೊರಗೆ ಚಾಚಿ ಹಾ ಹಾ ಅಂತ ಕೈಯಿಂದ ಗಾಳಿ ಹಾಕಿಕೊಂಡ.

“ಏನಬೇ ಇದು, ಕರಿ! ಇಷ್ಟು ಖಾರ ಹಾಕ್ತಾರೇನು? ಮನುಷ್ಯಾರು ತಿನ್ನೋದಾ ಇದು?”

ನಾವು ಅಗಿಯುವುದನ್ನು ಬಿಟ್ಟು ಅವನನ್ನೇ ನೋಡಿದೆವು. ಅವನಿಗೂ ಆಗ ಹೊಳೆಯಿತು. ಇನ್ನೊಂದು ತುತ್ತು ಬಾಯಿಗಿಟ್ಟು, “ಹೌದಲೇ, ಖಾರ ಐತಿ,” ಅಂದ.

ಸಾವಕಾರನ ಮುಂದೆ ತಲೆ ತಗ್ಗಿಸದ ಕರೆಮ್ಮ ಬದುವಿನ ಮೇಲೆ ಕುಸಿದು ಕೂತು ಸೆರಗು ಮುಖಕ್ಕೆ ಒತ್ತಿಕೊಂಡು ಗೊಳೋ ಅಂತ ಅತ್ತಳು. ಅಳುತ್ತಲೇ ಕೊಡ ಬಗ್ಗಿಸಿದಳು. ತಗ್ಗುಬಿದ್ದ ಗ್ಲಾಸು ತುಂಬಿ ಗಂಡನ ಕೈಗೆ ಕೊಟ್ಟಳು. ಅವನು ಅದಕ್ಕೆ ತುಟಿ ಹಚ್ಚಿ ಕುಡಿದ.